ಲಾಡ್ಜ್ ರೂಮಿನಾಗ ಯಾವ ವ್ಯಾಯಾಮ? ದಂಡ-ಬೈಠಕ್, ರಬ್ಬರ್ ಪಟ್ಟಿ, ಹಗ್ಗ, ಮೆಟ್ಟಿಲು: ಒಂದು ಹೋಲಿಕೆ

ಲಾಡ್ಜಿನ ಮೆಟ್ಟಿಲು ಹತ್ತಿದ ಕೂಡಲೇ ನಾನು ಕೌಂಟರಿನ ಹುಡುಗನಿಗೆ ಕೇಳುವುದು ಬಿಸಿನೀರಿನ ಹೊತ್ತು. "ಆರರಿಂದ ಎಂಟರ ತನಾರಿ ಸರ" ಅಂದರೆ ನನ್ನ ಮರುದಿನದ ವ್ಯಾಯಾಮ ಅಲ್ಲೇ ನಿಗದಿಯಾಯಿತು. ಐದೂವರೆಗೆ ಎದ್ದರೆ ಬೆವರು ಹರಿಸಿ ಬಿಸಿನೀರಿಗೆ ನಿಲ್ಲಬಹುದು. ಏಳೂವರೆಗೆ ಎದ್ದರೆ ವ್ಯಾಯಾಮ ಇಲ್ಲವೇ ಜಳಕ, ಎರಡರಲ್ಲಿ ಒಂದು ಮಾತ್ರ.

ನಾನು ಔಷಧ ಕಂಪನಿಯ ಪ್ರತಿನಿಧಿ. ಮನೆ ಬೆಳಗಾವಿಯಲ್ಲಿ, ತಿರುಗಾಟ ಬಾಗಲಕೋಟೆ, ವಿಜಯಪುರ, ನಡುವಿನ ತಾಲೂಕುಗಳಲ್ಲಿ. ತಿಂಗಳಿಗೆ ಹತ್ತು-ಹನ್ನೆರಡು ರಾತ್ರಿ ಲಾಡ್ಜಿನಲ್ಲೇ. ಕೆಲಸಕ್ಕೆ ಸೇರಿದ ಮೊದಲ ಮೂರು ವರ್ಷದಲ್ಲಿ 9 ಕಿಲೋ ಏರಿದೆ. ಬಸ್ಸಿನಲ್ಲಿ ಕೂಡುವುದು, ದವಾಖಾನೆಯ ಬೆಂಚಿನ ಮೇಲೆ ಕೂಡುವುದು, ಖಾನಾವಳಿಯಲ್ಲಿ ಕೂಡುವುದು, ರೂಮಿಗೆ ಬಂದು ಟಿವಿ ಮುಂದೆ ಕೂಡುವುದು. ಕೂತೂ ಕೂತೂ ಏರಿದ ತೂಕ ಅದು. ಇಳಿಸಲು ಹೋಗಿ ನಾನು ಪ್ರಯತ್ನಿಸದ ಉಪಾಯ ಇಲ್ಲ. ಅರ್ಧದಷ್ಟಕ್ಕೆ ದುಡ್ಡು ದಂಡ, ಒಂದಕ್ಕೆ ಲಾಡ್ಜಿನವರ ಖುರ್ಚಿ ದಂಡ. ಆ ಅನುಭವದ ಮೇಲೆ, ರೂಮಿನಲ್ಲಿ ಆಗುವಂಥ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ತೂಗುತ್ತಿದ್ದೇನೆ.

ಎಷ್ಟು ಮಾಡಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಇದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ಕೆಲಸ. ತಿರುಗಾಟದವರಿಗೆ ಅನುಕೂಲದ ಮಾತೂ ಅದರಲ್ಲೇ ಇದೆ. ಮೊದಲು ಕನಿಷ್ಠ ಹತ್ತು ನಿಮಿಷ ಸತತವಾಗಿ ಮಾಡಿದರೆ ಮಾತ್ರ ಲೆಕ್ಕ ಅನ್ನುತ್ತಿದ್ದರು. ಈಗ ಆ ಕಟ್ಟಳೆ ಇಲ್ಲ. ಬಸ್ ಸ್ಟ್ಯಾಂಡಿನಿಂದ ಲಾಡ್ಜಿಗೆ ಬ್ಯಾಗು ಹೊತ್ತು ಬಿರುಸಾಗಿ ನಡೆದ ಆರು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಮೊದಲು ರೂಮು ನೋಡ್ರಿ

ನಮ್ಮ ಕಡೆಯ ಸಾಧಾರಣ ಲಾಡ್ಜಿನ ರೂಮು ಎಂದರೆ ಒಂದು ಡಬಲ್ ಮಂಚ, ಒಂದು ಟೇಬಲ್, ಒಂದು ಪ್ಲಾಸ್ಟಿಕ್ ಖುರ್ಚಿ, ಗೋಡೆಗೆ ಟಿವಿ. ಮಂಚಕ್ಕೂ ಟಿವಿ ಗೋಡೆಗೂ ನಡುವೆ ಮೂರಡಿ ಜಾಗ ಸಿಕ್ಕರೆ ಪುಣ್ಯ. ಒಬ್ಬ ಮನುಷ್ಯ ಬೋರಲು ಮಲಗುವಷ್ಟು, ಅಂದರೆ ಆರಡಿ ಉದ್ದ ಮೂರಡಿ ಅಗಲ ಇದ್ದರೆ ಸಾಕು. ಇಲ್ಲದಿದ್ದರೆ ಟೀಪಾಯಿಯನ್ನು ಬಾಗಿಲ ಕಡೆ ಸರಿಸಿ, ಮುಂಜಾನೆ ಮತ್ತೆ ಜಾಗಕ್ಕಿಡಿ. ರೂಮು ಬಾಯ್ ನಿಮ್ಮನ್ನು ವಿಚಿತ್ರವಾಗಿ ನೋಡುವುದು ತಪ್ಪುತ್ತದೆ.

ಯಾವ ಮಹಡಿ ಎಂಬುದೂ ಮುಖ್ಯ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಮೇಲಿನ ಮಹಡಿಯ ರೂಮಿನ ಸ್ಲ್ಯಾಬು ಹಗಲೆಲ್ಲ ಕಾದು, ರಾತ್ರಿ ಹನ್ನೊಂದಕ್ಕೂ ಹಂಚಿನ ಹಾಗೆ ಕಾವು ಬಿಡುತ್ತಿರುತ್ತದೆ. ಅಂಥ ರೂಮಿನಲ್ಲಿ ಸಂಜೆ ವ್ಯಾಯಾಮ ಮಾಡುವ ಸಾಹಸ ಬೇಡ. ಬೇಸಿಗೆಯಲ್ಲಿ ನಡುವಿನ ಮಹಡಿ ಕೇಳಿ. ಬೆಳಗಾವಿಯ ಮಳೆಗಾಲದ ತೊಂದರೆಯೇ ಬೇರೆ: ಜೂನ್‌ನಿಂದ ನೆಲ ತಣ್ಣಗೆ, ಟೈಲ್ಸ್ ಮೇಲೆ ಥಂಡಿಯ ಪಸೆ, ಅಂಗೈ ಜಾರುತ್ತದೆ. ಮಳೆಗಾಲದ ತಿರುಗಾಟಕ್ಕೆ ನಾನು ಬ್ಯಾಗಿನಲ್ಲಿ ಹಳೆಯ ದಪ್ಪ ಜಮಖಾನದ ತುಂಡೊಂದನ್ನು ಇಟ್ಟುಕೊಳ್ಳುತ್ತೇನೆ. ಯೋಗದ ಮ್ಯಾಟಿಗಿಂತ ಸಣ್ಣಗೆ ಮಡಚಿಕೊಳ್ಳುತ್ತದೆ, ಮೈಲಿಗೆಯಾದರೆ ಒಗೆದರಾಯಿತು.

ಆ ಪ್ಲಾಸ್ಟಿಕ್ ಖುರ್ಚಿಯನ್ನು ಮಾತ್ರ ಮುಟ್ಟಬೇಡಿ. ಖುರ್ಚಿಯ ಅಂಚಿಗೆ ಕೈಯಿಟ್ಟು ಮೈ ಇಳಿಸಿ ಏರಿಸುವ ಕಸರತ್ತೊಂದನ್ನು ಮೊಬೈಲಿನಲ್ಲಿ ನೋಡಿ ನಾನೂ ಮಾಡಿದೆ. ಏಳನೆಯ ಸಲಕ್ಕೆ ಹಿಂದಿನ ಕಾಲು ಟಳ್ ಅಂದಿತು. ಮುನ್ನೂರು ರೂಪಾಯಿ ಕಟ್ಟಿದೆ, ಸೊಂಟ ನಾಲ್ಕು ದಿನ ಹಿಡಿದುಕೊಂಡಿತು. ಗೋಡೆಗೆ ಒತ್ತಿ ನಿಂತ ಮಂಚದ ಚೌಕಟ್ಟು ಆ ಕೆಲಸಕ್ಕೆ ಎಷ್ಟೋ ಗಟ್ಟಿ.

ದಂಡ-ಬೈಠಕ್ಕೋ, ಸೂರ್ಯನಮಸ್ಕಾರವೋ

ಬರಿಗೈಯಲ್ಲಿ ಮಾಡುವವರಿಗೆ ನಮ್ಮಲ್ಲಿ ಎರಡು ಹಳೆಯ ದಾರಿ. ಒಂದು ಗರಡಿಮನೆಯದು, ಇನ್ನೊಂದು ಶಾಲೆಯ ಪಿ.ಟಿ. ಮಾಸ್ತರರು ಕಲಿಸಿದ್ದು. ಎರಡಕ್ಕೂ ಖರ್ಚಿಲ್ಲ, ಸಪ್ಪಳವಿಲ್ಲ, ಬ್ಯಾಗಿನಲ್ಲಿ ಜಾಗ ಬೇಕಿಲ್ಲ. ಎರಡೂ ಒಂದೇ ಅಂದುಕೊಂಡವರು ಬಹಳ, ಆದರೆ ಮೈಗೆ ಸಿಗುವುದು ಬೇರೆ ಬೇರೆ.

ಸೂರ್ಯನಮಸ್ಕಾರ ಹನ್ನೆರಡು ಭಂಗಿಗಳ ಸುತ್ತು. ಬೆನ್ನು ಹಿಂದಕ್ಕೂ ಮುಂದಕ್ಕೂ ಬಾಗುತ್ತದೆ, ತೊಡೆಯ ಹಿಂಭಾಗ ಎಳೆಯುತ್ತದೆ, ಉಸಿರು ಲಯಕ್ಕೆ ಬರುತ್ತದೆ. ಬೆಳಗಾವಿಯಿಂದ ವಿಜಯಪುರಕ್ಕೆ ಐದು ತಾಸಿನ ಆಸುಪಾಸು ಬಸ್ಸಿನಲ್ಲಿ ಕೂತು ಬಂದ ಮೈಗೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಮಧ್ಯಮ ವೇಗದಲ್ಲಿ ಹನ್ನೆರಡು ಸುತ್ತಿಗೆ ಕಾಲು ತಾಸು ಸಾಕು. ಆದರೆ ಬಲ ಹೆಚ್ಚಿಸುವ ವಿಷಯದಲ್ಲಿ ಇದು ಬೇಗ ನಿಂತುಬಿಡುತ್ತದೆ. ಆರು ತಿಂಗಳು ಮಾಡಿದ ಮೇಲೆ ಇಪ್ಪತ್ತು ಸುತ್ತು ಸಲೀಸಾಗುತ್ತದೆ. ಆಮೇಲೆ ಸುತ್ತು ಏರಿಸಿದಷ್ಟೂ ದಮ್ಮು ಹೆಚ್ಚುತ್ತದೆ, ತೋಳಿನ ಬಲ ಅಷ್ಟಾಗಿ ಹೆಚ್ಚುವುದಿಲ್ಲ.

ದಂಡ ಹಾಗಲ್ಲ. ಸೊಂಟ ಮೇಲೆತ್ತಿ ನಿಂತು, ಎದೆಯನ್ನು ನೆಲಕ್ಕೆ ಸವರುವ ಹಾಗೆ ಮುಂದಕ್ಕೆ ಜಾರಿಸಿ, ತಲೆ ಎತ್ತಿ, ಮತ್ತೆ ಹಿಂದಕ್ಕೆ ಬರುವುದು. ಎದೆ, ಭುಜ, ತೋಳಿನ ಹಿಂಬದಿ, ಹೊಟ್ಟೆ ಎಲ್ಲಕ್ಕೂ ಒಂದೇ ಏಟಿಗೆ ಕೆಲಸ. ಸಾಮಾನ್ಯ ಪುಶ್-ಅಪ್‌ನಲ್ಲಿ ಮೈತೂಕದ ಸುಮಾರು ಮೂರರಲ್ಲಿ ಎರಡು ಪಾಲು ಕೈಗಳ ಮೇಲೆ ಬೀಳುತ್ತದೆ. 70 ಕಿಲೋ ಆಸಾಮಿ ಒಂದು ಸಲ ತಳ್ಳಿದರೆ 45 ಕಿಲೋ ಆಸುಪಾಸು ಎತ್ತಿದ ಲೆಕ್ಕ. ಅಷ್ಟು ಭಾರದ ಡಂಬೆಲ್ ಯಾರೂ ಬ್ಯಾಗಿನಲ್ಲಿ ಒಯ್ಯುವುದಿಲ್ಲ. ಈ ಭಾರವನ್ನು ಏರಿಸಿ ಇಳಿಸುವುದೂ ಸುಲಭ. ಮೊಣಕಾಲು ನೆಲಕ್ಕೆ ಊರಿದರೆ ಅರ್ಧಕ್ಕೆ ಇಳಿಯುತ್ತದೆ. ಎರಡಡಿ ಎತ್ತರದ ಟೇಬಲ್ ಅಂಚಿಗೆ ಕೈಯಿಟ್ಟರೆ ಇನ್ನೂ ಹಗುರ, ನೂರಕ್ಕೆ ನಲವತ್ತರ ಸುತ್ತ. ತಿರುಗಿಸಿ ಕಾಲನ್ನೇ ಎತ್ತರಕ್ಕೆ ಇಟ್ಟರೆ ನಾಲ್ಕರಲ್ಲಿ ಮೂರು ಪಾಲಿನ ಹತ್ತಿರ ಬರುತ್ತದೆ. ಹೊಸಬರು ಟೇಬಲ್‌ನಿಂದ ಶುರು ಮಾಡಿ, ಮಂಚಕ್ಕೆ ಇಳಿದು, ನೆಲಕ್ಕೆ ಬರಲಿ. ದಂಡಕ್ಕೆ ಕೈ ಹಾಕುವುದು ಅದಾದ ಮೇಲೆ.

ಬೈಠಕ್ ವಿಷಯದಲ್ಲಿ ನನ್ನದು ಸ್ವಲ್ಪ ತಕರಾರಿದೆ. ಪೈಲ್ವಾನರು ಹಿಮ್ಮಡಿ ಎತ್ತಿ, ಪೂರ್ತಿ ಕುಕ್ಕರಿಸಿ, ಕೈ ಬೀಸಿ ನೂರಾರು ಹಾಕುತ್ತಾರೆ. ಅವರು ಹನ್ನೆರಡು ವರ್ಷದ ಹುಡುಗರಾಗಿದ್ದಾಗಿನಿಂದ ಮಣ್ಣಿನ ಮೇಲೆ ಹಾಕಿದವರು. ನಲವತ್ತು ದಾಟಿದ ಮೇಲೆ ಲಾಡ್ಜಿನ ಟೈಲ್ಸ್ ಮೇಲೆ ಒಮ್ಮೆಗೇ ಐವತ್ತು ಹಾಕಿದರೆ ಮೊಣಕಾಲು ಸುಮ್ಮನಿರುವುದಿಲ್ಲ. ನಾನು ಮಾಡುವುದು ಹೀಗೆ: ಮಂಚದ ಅಂಚಿನ ಮುಂದೆ ನಿಂತು, ಹಿಮ್ಮಡಿ ನೆಲಕ್ಕೇ ಇಟ್ಟು, ಕೂಡುವ ಹಾಗೆ ನಿಧಾನವಾಗಿ ಮೂರು ಎಣಿಸುತ್ತ ಇಳಿಯುವುದು, ಹಾಸಿಗೆ ತಾಗಿದ ತಕ್ಷಣ ಏಳುವುದು. ಸಲೀಸಾದ ಮೇಲೆ ಒಂದೇ ಕಾಲಿನ ಮೇಲೆ ಇಳಿಯಲು ಕಲಿತರೆ ಭಾರ ಎರಡು ಪಟ್ಟಾಗುತ್ತದೆ.

ಹಾಗಾದರೆ ಯಾವುದು? ಬಸ್ಸಿಳಿದ ದಿನ ಸಂಜೆಗೆ ಸೂರ್ಯನಮಸ್ಕಾರ, ಮರುದಿನ ಮುಂಜಾನೆ ದಂಡ-ಬೈಠಕ್. ಒಂದನ್ನೇ ಆರಿಸಿ ಅಂದರೆ, ಐವತ್ತರ ಒಳಗಿನವರಿಗೆ ದಂಡವನ್ನೇ ಹೇಳುತ್ತೇನೆ.

ತಳ್ಳೋದು ಆತು, ಎಳೆಯೋದು?

ಇದು ನನಗೆ ತಡವಾಗಿ ಹೊಳೆದ ಸಂಗತಿ. ವರ್ಷಗಟ್ಟಲೆ ರೂಮಿನಲ್ಲಿ ದಂಡ ಹಾಕಿದ ಮೇಲೆ ಎದೆ ಬಲಿಯಿತು, ಭುಜ ಮುಂದಕ್ಕೆ ಬಾಗಿತು. ನನ್ನ ಗಿರಾಕಿ ಡಾಕ್ಟರೊಬ್ಬರು, ಮೂಳೆ ತಜ್ಞರು, ನನ್ನ ನಿಲುವು ನೋಡಿ "ಏನ್ರೀ, ಬ್ಯಾಗ್ ಹೊತ್ತು ಗೂನ್ ಆಗಾಕತ್ತೀರಿ?" ಅಂದರು. ಬ್ಯಾಗು ಅರ್ಧ ಕಾರಣ. ರೂಮು ಇನ್ನರ್ಧ. ನೆಲ ಇದೆ, ಹಾಗಾಗಿ ತಳ್ಳಬಹುದು. ಕೂತು ಏಳಬಹುದು. ಜೋತು ಬೀಳಲು, ಎಳೆಯಲು ಲಾಡ್ಜಿನ ರೂಮಿನಲ್ಲಿ ಏನೂ ಇರುವುದಿಲ್ಲ. ಬೆನ್ನಿನ ಮೇಲ್ಭಾಗಕ್ಕೆ, ಹೆಗಲ ಹಿಂಭಾಗಕ್ಕೆ ಕೆಲಸವೇ ಸಿಗುವುದಿಲ್ಲ. ಗರಡಿಯಲ್ಲಿ ಮಲ್ಲಕಂಬ ಇತ್ತು, ಹಗ್ಗ ಏರುವುದಿತ್ತು, ಎದುರಾಳಿಯ ಕುತ್ತಿಗೆ ಹಿಡಿದು ಜಗ್ಗುವುದಿತ್ತು. ರೂಮಿನಲ್ಲಿ ಒಬ್ಬರೇ ಯಾರನ್ನು ಜಗ್ಗುವುದು?

ಆದ್ದರಿಂದ ಬ್ಯಾಗಿನಲ್ಲಿ ಒಂದೇ ಸಾಮಾನಿಗೆ ಜಾಗವಿದ್ದರೆ ಅದು ಎಳೆಯುವ ಸಾಮಾನಾಗಿರಬೇಕು. ಡಂಬೆಲ್ ಬೇಡ, ಪುಶ್-ಅಪ್ ಹಿಡಿಕೆ ಬೇಡ, ಹೊಟ್ಟೆಗೆ ಉರುಳಿಸುವ ಚಕ್ರ ಬೇಡ. ರಬ್ಬರ್ ಪಟ್ಟಿ ಸಾಕು.

ಪಟ್ಟಿಗಳಲ್ಲೂ ಮೂರು ನಮೂನೆ. ಫಿಜಿಯೋಥೆರಪಿಯವರು ಕೊಡುವ ಅಗಲವಾದ ತೆಳ್ಳನೆಯ ಪಟ್ಟಿ, ಎರಡು ತುದಿ ಬಿಚ್ಚಿರುತ್ತವೆ. ಭುಜ ನೋವಿದ್ದವರಿಗೆ, ವಯಸ್ಸಾದವರಿಗೆ ಇದೇ ಒಳ್ಳೆಯದು. ಹಿಡಿಕೆ ಇರುವ ಕೊಳವೆಯಂಥದ್ದು ಇನ್ನೊಂದು. ಅಂಗಡಿಯಲ್ಲಿ ನೋಡಲು ಚಂದ, ಆದರೆ ಕೊಂಡಿ ಕಚ್ಚುವ ಜಾಗದಲ್ಲೇ ಅದು ಸೋಲುವುದು. ನನ್ನದು ಎಂಟು ತಿಂಗಳಲ್ಲಿ ಬಿಟ್ಟಿತು, ಪುಣ್ಯಕ್ಕೆ ಮುಖಕ್ಕೆ ಬಡಿಯಲಿಲ್ಲ. ಮೂರನೆಯದು ಒಂದೇ ಸುತ್ತಿನ ದಪ್ಪ ಬಳೆಯಂಥ ಪಟ್ಟಿ, 41 ಇಂಚು ಉದ್ದದ್ದು. ಕೊಂಡಿಯಿಲ್ಲ, ಹಿಡಿಕೆಯಿಲ್ಲ, ಕೆಡುವ ಭಾಗವಿಲ್ಲ. ನನ್ನ ಆಯ್ಕೆ ಇದು. ನಾನು ಕೊಂಡಾಗ ನಾಲ್ಕುನೂರೈವತ್ತು ರೂಪಾಯಿ ಕೊಟ್ಟಿದ್ದೆ. ಬಣ್ಣ ನೋಡಿ ಬಲ ಅಳೆಯಬೇಡಿ, ಕಂಪನಿಗೊಂದು ಬಣ್ಣದ ಲೆಕ್ಕ ಇರುತ್ತದೆ. ಕೈಯಲ್ಲಿ ಹಿಡಿದು ಜಗ್ಗಿ ನೋಡಿ ಕೊಳ್ಳಿ.

ಬಳಸುವುದಕ್ಕೆ ಬಾಗಿಲೂ ಬೇಡ. ನೆಲದ ಮೇಲೆ ಕಾಲು ಚಾಚಿ ಕೂತು, ಪಟ್ಟಿಯನ್ನು ಎರಡೂ ಪಾದಕ್ಕೆ ಒಂದು ಸುತ್ತು ಸುತ್ತಿ, ಮೊಣಕೈ ಪಕ್ಕೆಗೆ ತಾಗುವಂತೆ ಹೊಟ್ಟೆಯ ಕಡೆ ಎಳೆಯುವುದು. ಬಾವಿಯಿಂದ ನೀರು ಸೇದುವ ಕೈ ಹೇಗೆ ಹೋಗುತ್ತದೋ ಹಾಗೆ. ಹದಿನೈದರಂತೆ ಮೂರು ಸಲ. ಸುತ್ತು ಹಾಕದೆ ಬರೀ ಪಾದಕ್ಕೆ ಸಿಗಿಸಿದರೆ ಜಾರಿ ಗದ್ದಕ್ಕೆ ಬಡಿಯುತ್ತದೆ, ನೆನಪಿರಲಿ. ಆಮೇಲೆ ಪಟ್ಟಿಯನ್ನು ಎದೆ ಮಟ್ಟಕ್ಕೆ ಹಿಡಿದು ಎರಡೂ ಕಡೆ ಅಗಲಕ್ಕೆ ಜಗ್ಗುವುದು, ಇದು ಗೂನಿಗೆ ಮದ್ದು. ಪಟ್ಟಿಯ ಒಂದು ದೋಷವೆಂದರೆ ಎಳೆದಷ್ಟೂ ಬಿಗಿ ಹೆಚ್ಚುತ್ತದೆ, ಶುರುವಿನಲ್ಲಿ ಹಗುರ, ಕೊನೆಯಲ್ಲಿ ಭಾರ. ಹಾಗಾಗಿ ಮೊದಲೇ ಸ್ವಲ್ಪ ಬಿಗಿಯಾಗಿ ಹಿಡಿದು ಶುರು ಮಾಡಬೇಕು.

ಪಟ್ಟಿ ಮರೆತು ಬಂದಿರಾ? ದಪ್ಪ ಚಾದರ ಇದ್ದೇ ಇರುತ್ತದೆ. ಅದರ ಒಂದು ತುದಿಗೆ ದೊಡ್ಡ ಗಂಟು ಕಟ್ಟಿ, ಬಾಗಿಲ ಮೇಲಿಂದ ಆಚೆ ಹಾಕಿ, ಬಾಗಿಲು ಮುಚ್ಚಿ ಚಿಲಕ ಹಾಕಿ, ಈಚೆಯ ತುದಿ ಹಿಡಿದು ಹಿಂದಕ್ಕೆ ವಾಲಿ ಮೈಯನ್ನು ಬಾಗಿಲ ಕಡೆ ಎಳೆದುಕೊಳ್ಳಬಹುದು. ಎರಡು ಎಚ್ಚರ. ನೀವು ಎಳೆಯುವ ದಿಕ್ಕಿಗೆ ತೆರೆಯುವ ಬಾಗಿಲಿಗೆ ಜೋತುಬಿದ್ದರೆ ಭಾರವೆಲ್ಲ ಚಿಲಕದ ಮೇಲೆ. ಲಾಡ್ಜಿನ ಚಿಲಕಗಳ ಯೋಗ್ಯತೆ ಗೊತ್ತಲ್ಲ. ಇನ್ನು ಬಚ್ಚಲಿನ ಪ್ಲಾಸ್ಟಿಕ್ ಬಾಗಿಲಿಗಂತೂ ಈ ಪ್ರಯೋಗ ಬೇಡವೇ ಬೇಡ, ಚೌಕಟ್ಟು ಸಮೇತ ಕೈಗೆ ಬರುತ್ತದೆ. ರೂಮಿನ ಬಾಗಿಲು ಸಾಮಾನ್ಯವಾಗಿ ಒಳಕ್ಕೇ ತೆರೆಯುವುದರಿಂದ ಈ ಉಪಾಯ ಹೆಚ್ಚಿನ ಲಾಡ್ಜುಗಳಲ್ಲಿ ನಡೆಯುವುದಿಲ್ಲ. ಹೊರಗೆ ಬಾಲ್ಕನಿಗೆ ತೆರೆಯುವ ಗಟ್ಟಿ ಬಾಗಿಲಿದ್ದರೆ ನಿಮ್ಮ ಅದೃಷ್ಟ. ನನಗೆ ಪಟ್ಟಿಯ ಮೇಲೆ ಮಮತೆ ಬಂದದ್ದು ಇದಕ್ಕೇ.

ಪಟ್ಟಿಗೆ ಬಿಸಿಲು ವೈರಿ. ಒಂದು ಬೇಸಿಗೆ ಕಾರಿನ ಹಿಂದಿನ ಗಾಜಿನ ಕೆಳಗೆ ಬಿಟ್ಟಿದ್ದೆ, ತೆಗೆದು ನೋಡಿದರೆ ಅಂಟಂಟು, ಅಂಚಿನಲ್ಲಿ ಸೀಳು. ಸ್ವಲ್ಪ ಟಾಲ್ಕಂ ಪೌಡರ್ ಸವರಿ, ಬಟ್ಟೆಯ ಚೀಲದಲ್ಲಿ ಸುತ್ತಿಡಿ. ಸೀಳು ಕಂಡರೆ ಎಸೆಯಿರಿ.

ಹಗ್ಗ, ಮೆಟ್ಟಿಲು

ಜಿಗಿಯುವ ಹಗ್ಗದ ಮೇಲೆ ನನಗೆ ಬಹಳ ಆಸೆಯಿತ್ತು. ಹತ್ತು ನಿಮಿಷಕ್ಕೆ ಎದೆ ಬಡಿತ ಏರಿಸುವುದಕ್ಕೆ ಅದಕ್ಕೆ ಸಾಟಿಯಿಲ್ಲ, ಜೇಬಿನಲ್ಲಿ ಹಿಡಿಸುತ್ತದೆ, ಅಗ್ಗ. ರೂಮಿಗೆ ಮಾತ್ರ ಒಗ್ಗುವುದಿಲ್ಲ. ಮೊದಲನೆಯ ದಿನ ಹಗ್ಗ ಟ್ಯೂಬ್‌ಲೈಟಿಗೆ ತಗುಲಿತು. ಎರಡನೆಯ ದಿನ ಹಗ್ಗ ಮೊಟಕು ಮಾಡಿ ಜಿಗಿದೆ. ಐದು ನಿಮಿಷಕ್ಕೆ ಬಾಗಿಲು ಬಡಿಯಿತು. ಕೆಳಗಿನ ರೂಮಿನ ಹಿರಿಯರು, ಲುಂಗಿ ಬನಿಯನ್ನಿನಲ್ಲಿ. "ಏನೋ ತಮ್ಮಾ, ಮುಂಜಾನೆದ್ದು ಖಾರ ಕುಟ್ಟಾಕತ್ತೀಯೇನು?" ಅಂದರು. "ತಪ್ಪಾತ್ರಿ ಕಾಕಾ" ಅಂದು ಹಗ್ಗ ಸುತ್ತಿಟ್ಟವನು ಮತ್ತೆ ರೂಮಿನಲ್ಲಿ ತೆಗೆದಿಲ್ಲ. ನೆಲಮಹಡಿಯ ರೂಮು ಸಿಕ್ಕರೆ, ಇಲ್ಲವೇ ಲಾಡ್ಜಿನವರು ಗಚ್ಚಿಗೆ ಬಿಟ್ಟರೆ ಹಗ್ಗ ಒಯ್ಯಿರಿ. ಹಾಗೆ ಬಿಡುವವರು ಕಡಿಮೆ, ಅಲ್ಲಿ ಚಾದರ ಒಣಗುತ್ತಿರುತ್ತವೆ.

ಹಗ್ಗದ ಬದಲಿಗೆ ಮೆಟ್ಟಿಲು. ಸಪ್ಪಳವಿಲ್ಲ, ಮಳೆಯ ತಂಟೆಯಿಲ್ಲ, ಕತ್ತಲಲ್ಲಿ ಬೀದಿನಾಯಿಯ ಭಯವಿಲ್ಲ. ನೆಲದಿಂದ ಮೂರನೆಯ ಮಹಡಿಗೆ ಒಂಬತ್ತು ಮೀಟರ್ ಆಸುಪಾಸು ಏರಿಕೆ. ಆರು ಸಲ ಹತ್ತಿದರೆ 51 ಮೀಟರಿನ ಗೋಳಗುಮ್ಮಟದ ನೆತ್ತಿ ದಾಟಿದ ಹಾಗೆ. ಅಲ್ಲಿ ಪ್ರವಾಸಿಗರು ಪಿಸುಮಾತಿನ ಗ್ಯಾಲರಿಯ ತನಕ ಹತ್ತಿ ಏದುಸಿರು ಬಿಡುತ್ತಾರೆ, ನೀವು ಟಿಕೆಟ್ ಇಲ್ಲದೆ ಅದಕ್ಕೂ ಮೇಲೆ ಹೋಗಿರುತ್ತೀರಿ. ಹತ್ತುವಾಗ ಬಿರುಸಾಗಿ, ಇಳಿಯುವಾಗ ಕಟಾಂಜನ ಹಿಡಿದು ನಿಧಾನವಾಗಿ. ಮೊಣಕಾಲಿಗೆ ತ್ರಾಸು ಕೊಡುವುದು, ಮರುದಿನ ತೊಡೆ ಹಿಡಿದುಕೊಳ್ಳುವಂತೆ ಮಾಡುವುದು ಇಳಿಯುವ ಕೆಲಸವೇ. ಲಿಫ್ಟ್ ಇದ್ದ ಲಾಡ್ಜಾದರೆ ಹತ್ತಿ ಹೋಗಿ, ಲಿಫ್ಟಿನಲ್ಲಿ ಇಳಿಯಿರಿ. ಹುಡುಗರು ನಗುತ್ತಾರೆ, ನಗಲಿ.

ಹೊರಗ ಅಡ್ಡಾಡೋದು: ಊರಿಗೊಂದು ಲೆಕ್ಕ

ರೂಮಿನ ಬಾಗಿಲು ಹಾಕಿ ಹೊರಗೆ ನಡೆಯುವುದು ಎಲ್ಲಕ್ಕಿಂತ ಸುಲಭ ಅನ್ನುತ್ತಾರೆ. ಊರು ಯಾವುದು ಎಂಬುದರ ಮೇಲೆ ಅದು.

ಬೆಳಗಾವಿ ನಡೆಯುವವರ ಊರು. ಎತ್ತರದ ಜಾಗ, ಬೇಸಿಗೆಯ ಮುಂಜಾನೆಯೂ ತಂಪು. ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಇಳಿದರೆ ಕೋಟೆ ಅಲ್ಲೇ. ಒಳಗೆ 1204ರ ಕಮಲ ಬಸದಿ, ಹೊರಗೆ ಕೋಟೆ ಕೆರೆಯ ದಂಡೆ, ದಂಡೆಯಲ್ಲಿ 110 ಮೀಟರಿನ ಧ್ವಜಸ್ತಂಭ. ತಿಳಕವಾಡಿ ಕಡೆ ಇದ್ದರೆ ವ್ಯಾಕ್ಸಿನ್ ಡಿಪೋದ ಮರಗಳ ಕೆಳಗೆ ಮುಂಜಾನೆ ಊರೇ ಅಡ್ಡಾಡುತ್ತಿರುತ್ತದೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆಂದು ತೋಡಿದ ಬಾವಿಯನ್ನೂ ಸುತ್ತಿ ಬರಬಹುದು. ಕ್ಯಾಂಪಿನ ನೆರಳಿನ ರಸ್ತೆಗಳಂತೂ ಕೇಳಲೇಬೇಡಿ. ನನ್ನೂರೆಂದು ಹೊಗಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಿ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಹೊಗಳಿಕೆ ಎಲ್ಲ ವಾಪಸ್. ಜಿಟಿಜಿಟಿ ಮಳೆ ನಾಲ್ಕು ದಿನ ಬಿಡದೆ ಹಿಡಿದರೆ ರೂಮಿನ ದಂಡ, ಲಾಡ್ಜಿನ ಮೆಟ್ಟಿಲು, ಅಷ್ಟೇ ಗತಿ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಬೇರೆ ತೊಂದರೆ: ಒಳ್ಳೆಯ ರೂಮು ಸಿಗುವುದೇ ಇಲ್ಲ.

ವಿಜಯಪುರದಲ್ಲಿ ಬೇಸಿಗೆಗೆ ಆರೂವರೆಯ ಒಳಗೆ ಮುಗಿಸಿ ರೂಮು ಸೇರಬೇಕು. ರೈಲು ಸ್ಟೇಶನ್ ಕಡೆ ಇಳಿದುಕೊಂಡರೆ ಗೋಳಗುಮ್ಮಟ ಪಕ್ಕದಲ್ಲೇ. ಅದು ಊರಿನ ಪೂರ್ವ ತುದಿ, ಇಬ್ರಾಹಿಂ ರೋಜಾ ಪಶ್ಚಿಮ ತುದಿ. ಒಂದರಿಂದ ಇನ್ನೊಂದಕ್ಕೆ ನಾಲ್ಕು ಕಿಲೋಮೀಟರಿನ ಸುತ್ತಮುತ್ತ, ನಡುವೆ ಗಾಂಧಿ ಚೌಕು, ಚಾ. ಚಳಿಗಾಲದ ರವಿವಾರ ಆ ಇಡೀ ದಾರಿ ನಡೆದು, ಆಟೋದಲ್ಲಿ ವಾಪಸಾಗುವುದು ನನ್ನ ಚಟ. ದಾರಿ ತಪ್ಪಿಸಿಕೊಂಡು ಉಪ್ಪಲಿ ಬುರುಜಿನ ಹೊರಮೈಯ ಸುತ್ತು ಮೆಟ್ಟಿಲು ಹತ್ತಿದರೆ ಆ ದಿನದ ಬೈಠಕ್ ಮಾಫ್. ಸೈಕಲ್ ಪಟುಗಳಿಗೆ ಹೆಸರಾದ ಜಿಲ್ಲೆ ಇದು. ನಸುಕಿನಲ್ಲಿ ಹೆದ್ದಾರಿಯ ಅಂಚಿಗೆ ಹುಡುಗ ಹುಡುಗಿಯರು ಸಾಲಾಗಿ ತುಳಿಯುತ್ತ ಹೋಗುವುದನ್ನು ನೋಡಿದರೆ, ಮಲಗಿದ್ದ ಮೈಗೂ ನಾಚಿಕೆ ಬರುತ್ತದೆ.

ಬಾಗಲಕೋಟೆ ಎರಡು ಊರು. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಭಾಗ ಹೋದ ಮೇಲೆ ಕಟ್ಟಿದ ನವನಗರ ಸೆಕ್ಟರ್ ಸೆಕ್ಟರ್ ಆಗಿ ಹಂಚಿದೆ, ರಸ್ತೆ ಅಗಲ, ಮುಂಜಾನೆ ವಾಹನ ವಿರಳ. ಸೆಕ್ಟರಿನ ಸುತ್ತು ಹಾಕಿದರೆ ದಾರಿ ಕೇಳುವ ಕೆಲಸವಿಲ್ಲ. ನೋಡಲು ಏನೂ ಇಲ್ಲ ಎಂಬುದು ನಿಜ, ನಡೆಯಲು ಇದರಷ್ಟು ಸಲೀಸು ಇನ್ನೊಂದಿಲ್ಲ ಎಂಬುದೂ ನಿಜ. ಹಳೆಯ ಊರಿನ ಓಣಿಗಳಲ್ಲಿ ಬಿರುಸು ನಡಿಗೆ ಆಗದು. ಬಾದಾಮಿಯಲ್ಲಿ ಉಳಿದರೆ ರೂಮಿನ ವ್ಯಾಯಾಮದ ಮಾತೇ ಬೇಡ, ಗುಹೆಗಳ ಮೆಟ್ಟಿಲು, ಅಗಸ್ತ್ಯ ತೀರ್ಥದ ದಂಡೆ, ಎದುರಿನ ಗುಡ್ಡ ಎಲ್ಲ ಸಾಲಾಗಿ ಕಾದಿವೆ. ಕೈಯಲ್ಲಿ ಬಾಳೆಹಣ್ಣು ಹಿಡಿಯಬೇಡಿ, ಮಂಗ್ಯಾಗಳು ನಿಮಗಿಂತ ಬಲಶಾಲಿ.

ಹೊರಗೆ ನಡೆಯುವುದನ್ನು ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳಲಾಗುವುದಿಲ್ಲ ಎಂದು ತಿಳಿಸಿದ್ದು ಬ್ಯಾಂಕ್ ಆಡಿಟಿಗೆ ತಿರುಗುವ ಒಬ್ಬ ಅಕ್ಕ. ಬಸ್ಸಿನಲ್ಲಿ ಪರಿಚಯ. "ನೀವು ನಸುಕಿನ್ಯಾಗ ಅಡ್ಡಾಡ್ರಿ ಅಂತೀರಿ. ಗೊತ್ತಿಲ್ಲದ ಊರಾಗ ಐದೂವರಿಗೆ ನಾ ಒಬ್ಬಾಕಿ ಹೆಂಗ ಹೊರಗ ಹೋಗ್ಲಿ?" ಅಂದರು. ಅವರದು ಪೂರ್ತಿ ರೂಮಿನ ವ್ಯವಸ್ಥೆ: ಕಿಟಕಿ ಪರದೆ ಎಳೆದು, ಫಿಜಿಯೋ ಪಟ್ಟಿ, ಮಂಚದ ಬೈಠಕ್, ಹನ್ನೆರಡು ಸೂರ್ಯನಮಸ್ಕಾರ. ನಡಿಗೆಯನ್ನು ಅವರು ಮಧ್ಯಾಹ್ನ ಊಟದ ನಂತರ, ಬ್ಯಾಂಕಿನಿಂದ ಪೇಟೆ ಸುತ್ತಿ ಮುಗಿಸುತ್ತಾರೆ. ಊಟವಾದ ಮೇಲಿನ ಹತ್ತು-ಹದಿನೈದು ನಿಮಿಷದ ನಡಿಗೆ ರಕ್ತದ ಸಕ್ಕರೆಯ ಏರಿಕೆ ತಗ್ಗಿಸುತ್ತದೆ, ಹಾಗಾಗಿ ಅದೇನೂ ಕಡಿಮೆ ದರ್ಜೆಯ ಉಪಾಯವಲ್ಲ.

ಜಿಮ್ಮು, ತಾಲೀಮು

ದೊಡ್ಡ ಹೋಟೆಲಿನ ಜಿಮ್ಮಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋಟೋದಲ್ಲಿ ಜಿಮ್ ಇದೆ ಎಂದು ಆರುನೂರು ರೂಪಾಯಿ ಹೆಚ್ಚು ಕೊಟ್ಟು ಇಳಿದ ಒಂದು ಕಡೆ, ಬಟ್ಟೆ ಇಸ್ತ್ರಿ ಮಾಡುವ ಕೋಣೆಯಲ್ಲಿ ಒಂದು ಕೆಟ್ಟ ಟ್ರೆಡ್‌ಮಿಲ್ ನಿಂತಿತ್ತು, ಮೇಲೆ ದಿಂಬುಗಳ ರಾಶಿ. ಕಾಯ್ದಿರಿಸುವ ಮೊದಲು ಫೋನು ಮಾಡಿ, ಎಷ್ಟಕ್ಕೆ ತೆರೆಯುತ್ತೀರಿ ಎಂದು ಕೇಳಿ. ಹತ್ತು ಗಂಟೆಗೆ ಅಂದರೆ ಅದು ನಿಮಗಲ್ಲ. ವಾರಕ್ಕಿಂತ ಹೆಚ್ಚು ಒಂದೇ ಊರಿನಲ್ಲಿ ಇರುವವರು ಹೊರಗಿನ ಜಿಮ್ಮಿಗೆ ತಿಂಗಳ ಫೀ ಕಟ್ಟಬಹುದು. ಎರಡು ರಾತ್ರಿಯವರಿಗೆ ಲೆಕ್ಕ ಕೂಡುವುದಿಲ್ಲ.

ತಾಲೀಮು ಬೇರೆ ಮಾತು. ಬೆಳಗಾವಿ, ಮುಧೋಳ ಕಡೆ ಗರಡಿಗಳು ಇನ್ನೂ ಉಸಿರಾಡುತ್ತಿವೆ. ಎಣ್ಣೆ, ಮಜ್ಜಿಗೆ, ಲಿಂಬೆ ರಸ, ಅರಿಶಿನ ಬೆರೆಸಿ ಹದ ಮಾಡಿದ ಕೆಂಪು ಮಣ್ಣಿನ ವಾಸನೆಗೆ ಯಾವ ಎಸಿ ಜಿಮ್ಮೂ ಸಮವಲ್ಲ. ಆದರೆ ಅದು ಬಂದು ಹೋಗುವವರಿಗೆ ತೆರೆದಿಟ್ಟ ಜಾಗವಲ್ಲ. ಪರಿಚಯದವರ ಜೊತೆ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಹನುಮಪ್ಪನಿಗೂ ವಸ್ತಾದರಿಗೂ ಕೈ ಮುಗಿದು, ಒಂದು ಮೂಲೆಯಲ್ಲಿ ದಂಡ ಹಾಕಲು ಕೇಳಬೇಕು. ನನಗೆ ಒಬ್ಬ ವಸ್ತಾದರು ಹತ್ತು ದಂಡ ನೋಡಿ, "ಸಾಹೇಬ್ರ, ಮೊಣಕೈ ಹೊರಗ ಹೊಂಟಾವು, ಮೈಗೆ ಹಚ್ಚಿ ತರ್ರಿ" ಅಂದರು. ಆರು ವರ್ಷ ಮೊಬೈಲ್ ನೋಡಿ ಕಲಿತ ತಪ್ಪು ಒಂದು ಮಾತಿಗೆ ತಿದ್ದಿತು.

ಯಾರಿಗೆ ಯಾವುದು

ಒಂದೆರಡು ರಾತ್ರಿಗೆ ಹೋಗುವವರು ಏನೂ ಒಯ್ಯಬೇಡಿ. ಸೂರ್ಯನಮಸ್ಕಾರ ಮತ್ತು ಮೆಟ್ಟಿಲು, ಇಪ್ಪತ್ತು ನಿಮಿಷ. ನನ್ನ ಹಾಗೆ ತಿಂಗಳಲ್ಲಿ ಮೂರನೇ ಒಂದು ಪಾಲು ಹೊರಗಿರುವವರಿಗೆ ರಬ್ಬರ್ ಪಟ್ಟಿ ಇಲ್ಲದೆ ಆಗದು. ವಾರಕ್ಕೆ ಎರಡು ಮುಂಜಾನೆ ದಂಡ, ಬೈಠಕ್, ಪಟ್ಟಿ ಎಳೆತ ಮೂರನ್ನೂ ಸುತ್ತಾಗಿ ಮೂರು ಸಲ, ಉಳಿದ ದಿನ ನಡಿಗೆ. ತಿಂಗಳುಗಟ್ಟಲೆ ಒಂದೇ ಕಡೆ ಇರುವ ಸೈಟ್ ಎಂಜಿನಿಯರುಗಳು ಲಾಡ್ಜು ಬಿಟ್ಟು ಬಾಡಿಗೆ ಮನೆ ಹಿಡಿದು ಬಾಗಿಲಿಗೆ ಜೋತು ಬೀಳುವ ಸಲಾಕೆ ಹಾಕಿಸಿಕೊಳ್ಳುವುದು ಮೇಲು.

ಮೊಣಕಾಲು ನೋವಿನವರು ಮೆಟ್ಟಿಲು ಬಿಟ್ಟು, ಟೇಬಲಿಗೆ ಕೈಯಿಟ್ಟ ಪುಶ್-ಅಪ್, ಪಟ್ಟಿ, ಸಪಾಟು ನೆಲದ ನಡಿಗೆ ಹಿಡಿಯಲಿ. ರಕ್ತದೊತ್ತಡ ಇದ್ದವರು ಉಸಿರು ಬಿಗಿಹಿಡಿದು ತಳ್ಳುವುದು, ಎಳೆಯುವುದು ಮಾಡಬಾರದು. ಬಲ ಹಾಕುವಾಗ ಉಸಿರು ಬಿಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಜೋರು ಕಸರತ್ತಿಗೆ ಇಳಿದರೆ ಸಕ್ಕರೆ ತೀರಾ ಇಳಿಯಬಹುದು. ಒಬ್ಬರೇ ಇರುವ ರೂಮಿನಲ್ಲಿ, ಚಿಲಕ ಹಾಕಿದ ಬಾಗಿಲ ಹಿಂದೆ, ಅದು ಆಟವಲ್ಲ. ನಾನು ಔಷಧ ಮಾರುವವ, ಡಾಕ್ಟರಲ್ಲ. ಊರು ಬಿಡುವ ಮೊದಲು ನಿಮ್ಮ ಡಾಕ್ಟರನ್ನೇ ಕೇಳಿ.

ಊಟದ ಮಾತು ಎತ್ತಿದರೆ ಇನ್ನೊಂದು ಪುರಾಣವಾಗುತ್ತದೆ, ಇಷ್ಟು ಮಾತ್ರ. ನಮ್ಮ ಖಾನಾವಳಿ ಊಟ ತಿರುಗಾಟದವನಿಗೆ ವೈರಿಯಲ್ಲ: ರೊಟ್ಟಿ, ಮಡಕಿ ಕಾಳಿನ ಪಲ್ಯ, ಝುಣಕ, ಮೊಸರು ಬಹಳ ಒಳ್ಳೆಯ ಊಟ. ಕೆಡಿಸುವುದು ಐದು ಗಂಟೆಯ ಮಿರ್ಚಿ ಭಜಿ, ರಾತ್ರಿ ಬ್ಯಾಗಿನಿಂದ ತೆಗೆದು ಮೆಲ್ಲುವ ಕರದಂಟು, ಮನೆಗೆಂದು ಕೊಂಡು ದಾರಿಯಲ್ಲೇ ಮುಗಿಯುವ ಕುಂದಾ. ಶೇಂಗಾ ಒಳ್ಳೆಯದೆಂದು ಮುಷ್ಟಿ ಮುಷ್ಟಿ ತಿನ್ನುವವರು ಗಮನಿಸಿ, ನೂರು ಗ್ರಾಂನಲ್ಲಿ 25 ಗ್ರಾಂ ಪ್ರೋಟೀನ್ ಇರುವುದು ಹೌದು, ಜೊತೆಗೆ 570ರಷ್ಟು ಕ್ಯಾಲರಿಯೂ ಇದೆ.

ಇನ್ನು ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ನಸುಕಿಗೆ ಇಳಿದ ದಿನ. ಅಂದು ದಂಡವೂ ಬೇಡ, ಮೆಟ್ಟಿಲೂ ಬೇಡ. ನಾಲ್ಕು ತಾಸಿಗಿಂತ ಹೆಚ್ಚು ಕೂತೇ ಬಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಏರಿರುತ್ತದೆ, ಹಾಗಾಗಿ ಬಸ್ಸಿನಲ್ಲೇ ಆಗಾಗ ಹಿಮ್ಮಡಿ ಎತ್ತಿ ಇಳಿಸುತ್ತ, ನಿಂತಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕುತ್ತ ಬನ್ನಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಿಸಿಕೊಳ್ಳಬೇಡಿ, ದವಾಖಾನೆಗೆ ಹೋಗಿ. ಹಾಗೇನೂ ಇಲ್ಲದಿದ್ದರೆ ಗೋಡೆಗೆ ಕೈಯಿಟ್ಟು ಇಪ್ಪತ್ತು ಸಲ ಹಿಮ್ಮಡಿ ಎತ್ತಿ, ಬೆನ್ನು ಒಮ್ಮೆ ಬಾಗಿಸಿ, ಬಿಸಿನೀರು ಬರುವ ತನಕ ಮಲಗಿಬಿಡಿ. ನೀರು ಬಂದಾಗ ಬಾಗಿಲು ಬಡಿಯಲು ಕೌಂಟರಿನ ಹುಡುಗನಿಗೆ ಹೇಳಿಟ್ಟಿರಿ.